ದುಡಿಮೆಯ ನುಡಿ

ನಗರವೊಂದರ ಸಂಸ್ಕೃತಿಯನ್ನು ಕುರಿತು ಮಾತನಾಡುವಾಗ ನಾವು ಸಾಮಾನ್ಯವಾಗಿ ಅದರ ಗುಡಿಗೋಪುರಗಳನ್ನೂ ಸಂಗೀತಸಭೆಗಳನ್ನೂ ಗ್ರಂಥಾಲಯಗಳನ್ನೂ ಎಣಿಸತೊಡಗುತ್ತೇವೆ. ಇವೆಲ್ಲ ಮರದ ಮೇಲೆ ಕಾಣುವ ಹೂವು ಹಣ್ಣುಗಳು. ಬೇರನ್ನು ಕಾಣಬೇಕಾದರೆ ಆ ಊರಿನ ಜನ ಹೊಟ್ಟೆಯ ಪಾಡಿಗೆ ಏನು ಮಾಡುತ್ತಾರೆ, ಯಾರಿಗಾಗಿ ಮಾಡುತ್ತಾರೆ, ಯಾವ ಮಾತಿನಲ್ಲಿ ಮಾಡುತ್ತಾರೆ ಎಂಬ ಮೂರು ಪ್ರಶ್ನೆಗಳನ್ನು ಕೇಳಬೇಕಾಗುತ್ತದೆ. ಕುಂಬಾರನ ಚಕ್ರ, ನೇಕಾರನ ಮಗ್ಗ, ಒಕ್ಕಲಿಗನ ನೇಗಿಲು ಇವುಗಳ ಸುತ್ತ ಎಷ್ಟು ಮಾತು, ಎಷ್ಟು ಗಾದೆ, ಎಷ್ಟು ಹಾಡು ಬೆಳೆದುವೆಂಬುದನ್ನು ಬಲ್ಲವರಿಗೆ, ದುಡಿಮೆಗೂ ನುಡಿಗೂ ಇರುವ ನಂಟನ್ನು ಬಿಡಿಸಿ ಹೇಳಬೇಕಾದ ಅಗತ್ಯವಿಲ್ಲ. ಈ ಮೂರು ಪ್ರಶ್ನೆಗಳನ್ನು ಇಂದಿನ ಬೆಂಗಳೂರಿಗೆ ಹಾಕಿ ನೋಡುವುದು ಈ ಲೇಖನದ ಉದ್ದೇಶ.

ಬೆಂಗಳೂರಿನ ತಂತ್ರಾಂಶ ಉದ್ಯಮವನ್ನು ಕುರಿತು ಎರಡು ಬಗೆಯ ಮಾತುಗಳು ಪ್ರಚಾರದಲ್ಲಿವೆ. ಊರಿನ ಹೆಸರು ಲೋಕವಿಖ್ಯಾತವಾದುದು, ಲಕ್ಷಾಂತರ ಯುವಕ ಯುವತಿಯರಿಗೆ ಜೀವನೋಪಾಯ ದೊರೆತುದು, ರಾಜ್ಯದ ಬೊಕ್ಕಸ ತುಂಬಿದುದು ಎಲ್ಲವೂ ಅದರಿಂದಲೇ ಎಂಬುದು ಮೊದಲನೆಯದು. ಕನ್ನಡವನ್ನು ಅದರ ಮನೆಯಿಂದಲೇ ಹೊರಹಾಕಿದ ಶತ್ರು ಅದು ಎಂಬುದು ಎರಡನೆಯದು. ಮೊದಲನೆಯ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಎರಡನೆಯದರಲ್ಲಿರುವ ನೋವು ಹುಸಿಯಲ್ಲ. ಆದರೆ ವಸ್ತುಸ್ಥಿತಿಯನ್ನು ಇವೆರಡೂ ಮುಟ್ಟುವುದಿಲ್ಲವೆಂದು ನನ್ನ ಭಾವನೆ. ಈ ಉದ್ಯಮಕ್ಕೆ ಕನ್ನಡದ ಮೇಲೆ ದ್ವೇಷವಿದ್ದಿತೆಂದು ಹೇಳುವಂತಿಲ್ಲ. ಅದಕ್ಕೆ ಕನ್ನಡ ಬೇಕಾಗಲೇ ಇಲ್ಲ, ಅಷ್ಟೆ. ಹಗೆಯನ್ನು ಎದುರಿಸಬಹುದು, ಗೆಲ್ಲಬಹುದು, ಕಡೆಗೆ ಒಲಿಸಿಕೊಳ್ಳಲೂಬಹುದು. ಬೇಡವೆನ್ನುವ ತೊಂದರೆಯನ್ನೂ ತೆಗೆದುಕೊಳ್ಳದೆ ಮುಂದೆ ಸಾಗುವವನೊಡನೆ ವ್ಯವಹರಿಸುವುದು ಅದಕ್ಕಿಂತ ಕಷ್ಟ.

ಬೆಂಗಳೂರು ಎಂಬ ಹೆಸರು ಮೊದಲು ಕಾಣಬರುವುದು ಬೇಗೂರಿನ ದೇವಾಲಯದಲ್ಲಿರುವ, ಸುಮಾರು ಕ್ರಿ.ಶ. ೮೯೦ರ ಗಂಗರ ಕಾಲದ ಶಾಸನದಲ್ಲಿ. ಬೆಂಗಳೂರಿನಲ್ಲಿ ನಡೆದ ಕಾಳಗವೊಂದರ ಪ್ರಸ್ತಾಪ ಅದರಲ್ಲಿದೆ, ಭಾಷೆ ಕನ್ನಡ. ಆ ಕಲ್ಲು ಇರುವ ಸ್ಥಳಕ್ಕೆ ಕೆಲವೇ ಮೈಲಿಗಳ ದೂರದಲ್ಲಿ ಇಂದು ಎಲೆಕ್ಟ್ರಾನಿಕ್ ಸಿಟಿ ಎದ್ದು ನಿಂತಿದೆ. ಹೀಗೆಂದಮಾತ್ರಕ್ಕೆ ಈ ಊರು ಯಾವಾಗಲೂ ಏಕಭಾಷೆಯದಾಗಿದ್ದಿತೆಂದು ಭ್ರಮಿಸಬಾರದು. ೧೫೩೭ರಲ್ಲಿ ಕೆಂಪೇಗೌಡನು ಕಟ್ಟಿಸಿದನೆಂದು ಹೇಳುವ ಪೇಟೆಯಲ್ಲಿ ತೆಲುಗು, ಮರಾಠಿ, ತಮಿಳು, ಉರ್ದು ಮಾತುಗಳನ್ನಾಡುವ ಕಸಬುದಾರರೂ ವರ್ತಕರೂ ಕಾಲಕಾಲಕ್ಕೆ ಬಂದು ನೆಲಸಿದರು. ಆದರೂ ಬೀದಿಗಳಿಗೆ ಬಿದ್ದ ಹೆಸರುಗಳನ್ನು ನೋಡಿರಿ: ಅಕ್ಕಿಪೇಟೆ, ಅರಳೇಪೇಟೆ, ಬಳೇಪೇಟೆ, ಕುಂಬಾರಪೇಟೆ. ಮನೆಯಲ್ಲಿ ಯಾವ ಮಾತನ್ನಾಡುವವನಾದರೂ ಅಂಗಡಿಯಲ್ಲಿ ಕುಳಿತಾಗ ಊರಿನ ಮಾತು ಅವನಿಗೆ ಬೇಕಾಗುತ್ತಿದ್ದಿತು, ಏಕೆಂದರೆ ಅವನ ಸರಕನ್ನು ಕೊಳ್ಳುವವನು ಊರಿನವನು. ಕನ್ನಡವನ್ನು ಅವನಿಗೆ ಕಲಿಸಿದುದು ಗಿರಾಕಿ. ಅದಕ್ಕಾಗಿ ಯಾವ ಕಾನೂನೂ ಬೇಕಾಗಲಿಲ್ಲ.

೧೮೦೯ರಲ್ಲಿ ಆಂಗ್ಲರು ದಂಡನ್ನು ಸ್ಥಾಪಿಸಿದ ಮೇಲೆ ಊರು ಎರಡಾಯಿತು. ಪೇಟೆಯದು ಒಂದು ಜೀವನ, ದಂಡಿನದು ಇನ್ನೊಂದು. ನಡುವೆ ಕಬ್ಬನ್ ಉದ್ಯಾನ. ದಂಡಿನ ಪ್ರದೇಶ ಮೈಸೂರು ಸಂಸ್ಥಾನಕ್ಕೆ ಮರಳಿದುದು ೧೯೪೭ರಲ್ಲಿ. ಎರಡೂ ಸೇರಿ ಒಂದೇ ನಗರಸಭೆಯ ಆಡಳಿತಕ್ಕೆ ಒಳಪಟ್ಟುದು ೧೯೪೯ರಲ್ಲಿ. ಬೇರೆಬೇರೆಯಾಗಿದ್ದ ಎರಡು ಊರುಗಳನ್ನು ಒಂದಾಗಿ ಬೆಸೆಯುವ ಕೆಲಸ ಕಾಗದದ ಮೇಲಿನ ಆಜ್ಞೆಯಿಂದ ಮುಗಿಯುವಂಥದಲ್ಲ. ಆ ಬೆಸುಗೆಯನ್ನು ಬಹುಮಟ್ಟಿಗೆ ನೆರವೇರಿಸಿದುವು ಅದೇ ಕಾಲದಲ್ಲಿ ಹುಟ್ಟಿದ ದೊಡ್ಡ ಕಾರ್ಖಾನೆಗಳು.

ಈ ಕಾರ್ಖಾನೆಗಳ ಹಿನ್ನೆಲೆಯಲ್ಲಿದ್ದ ಒಂದು ವಿಚಾರವನ್ನು ನೆನೆಯುವುದು ಇಲ್ಲಿ ಅವಶ್ಯಕ. ೧೯೧೨ರಿಂದ ೧೯೧೮ರ ವರೆಗೆ ಮೈಸೂರಿನ ದಿವಾನರಾಗಿದ್ದ ವಿಶ್ವೇಶ್ವರಯ್ಯನವರು ಸಂಸ್ಥಾನದಲ್ಲಿ ಯಂತ್ರೋದ್ಯಮಗಳಿಗೆ ಅಡಿಗಲ್ಲಿಟ್ಟವರೆಂಬುದು ಸರ್ವವಿದಿತ. ಕನ್ನಡ ಸಾಹಿತ್ಯ ಪರಿಷತ್ತು ೧೯೧೫ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದುದೂ ಅವರ ಕಾಲದಲ್ಲಿಯೇ. ಅದರ ಸಂಕಲ್ಪ ಮೂಡಿದುದು ಮೈಸೂರು ಸಂಪದಭ್ಯುದಯ ಸಮಾಜದಲ್ಲಿ. ಹೆಸರೇ ಹೇಳುವಂತೆ ಆ ಸಮಾಜದ ಮುಖ್ಯ ಕಾರ್ಯ ನಾಡಿನ ಸಂಪತ್ತಿನ ವೃದ್ಧಿ. ಬ್ಯಾಂಕು, ಕಾರ್ಖಾನೆ, ವ್ಯವಸಾಯಗಳನ್ನು ಕುರಿತು ಚಿಂತಿಸಬೇಕಾದವರು ಭಾಷೆಯನ್ನು ಕುರಿತು ಏಕೆ ಚಿಂತಿಸಿದರು? ನಾಡಿನ ಜನಕ್ಕೆ ಹೊಸ ವಿದ್ಯೆಗಳು ತಿಳಿಯಬೇಕಾದರೆ ಅವರ ನುಡಿ ಅದಕ್ಕೆ ಸಿದ್ಧವಾಗಿರಬೇಕು. ನುಡಿ ಬೆಳೆಯದೆ ಸಂಪತ್ತು ಬೆಳೆದರೆ ಅದು ಕೆಲವರ ಸೊತ್ತಾಗುತ್ತದೆ ಎಂಬ ವಿವೇಕ ಆ ಕಾಲದ ಹಿರಿಯರಲ್ಲಿ ಇದ್ದಿತು. ಉದ್ಯಮಕ್ಕೊಂದು ಇಲಾಖೆ, ಸಂಸ್ಕೃತಿಗೊಂದು ಇಲಾಖೆ ಎಂದು ಹಂಚಿಕೊಂಡು ಕುಳಿತಿರುವ ನಾವು ಈ ಮಾತನ್ನು ಮರೆತಿದ್ದೇವೆ.

೧೯೪೦ರಲ್ಲಿ ವಿಮಾನದ ಕಾರ್ಖಾನೆ ಬಂದಿತು. ೧೯೪೮ರಲ್ಲಿ ದೂರವಾಣಿ ಯಂತ್ರಗಳ ಐ.ಟಿ.ಐ., ೧೯೫೩ರಲ್ಲಿ ಎಚ್.ಎಂ.ಟಿ., ೧೯೫೪ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್. ಇವು ತಮ್ಮ ಸುತ್ತ ಬಡಾವಣೆಗಳನ್ನು ಕಟ್ಟಿಕೊಂಡುವು. ವಿಮಾನ ತಯಾರಾಗುತ್ತಿದ್ದ ಸ್ಥಳ ವಿಮಾನಪುರವಾಯಿತು. ದೂರವಾಣಿ ತಯಾರಾಗುತ್ತಿದ್ದ ಸ್ಥಳ ದೂರವಾಣಿನಗರವಾಯಿತು. ಅಂದಿನ ಜಗತ್ತಿನ ಅತ್ಯಂತ ಹೊಸ ಯಂತ್ರಗಳೆರಡು ಬೆಂಗಳೂರಿಗೆ ಬಂದಾಗ ಊರು ಅವಕ್ಕೆ ತನ್ನ ನುಡಿಯಲ್ಲಿ ಒಂದೊಂದು ಹೆಸರು ಕೊಟ್ಟು ಒಳಗೆ ಕರೆದುಕೊಂಡಿತು. ಎಲೆಕ್ಟ್ರಾನಿಕ್ ಸಿಟಿಯ ಕಾಲಕ್ಕೆ ಈ ಕೆಲಸ ನಿಂತುಹೋಯಿತು. ಅನಂತರ ಬಂದ ‘ಟೆಕ್ ಪಾರ್ಕು’ಗಳ ಹೆಸರುಗಳನ್ನು ಓದುತ್ತ ಹೋದರೆ ಅವು ಯಾವ ದೇಶದಲ್ಲಿವೆಯೆಂದು ಹೇಳುವುದು ಕಷ್ಟ. ಹೆಸರಿನಲ್ಲಿ ಏನಿದೆಯೆಂದು ಕೇಳುವವರಿಗೆ ನನ್ನ ಉತ್ತರವಿಷ್ಟೆ: ತನ್ನ ಪಾಲಿಗೆ ಬಂದುದಕ್ಕೆ ಮಾತ್ರ ಮನುಷ್ಯ ಹೆಸರಿಡುತ್ತಾನೆ.

ಆ ಕಾರ್ಖಾನೆಗಳ ಕಾಲವನ್ನು ಚಿನ್ನದ ಯುಗವೆಂದು ಬಣ್ಣಿಸುವ ಇಚ್ಛೆ ನನಗಿಲ್ಲ. ಅವುಗಳಲ್ಲಿ ಕನ್ನಡಿಗರಿಗೆ ನ್ಯಾಯವಾದ ಪಾಲು ದೊರೆಯುತ್ತಿಲ್ಲವೆಂಬ ಕೂಗು ಮೊದಲಿನಿಂದಲೂ ಇದ್ದಿತು. ೧೯೬೦ರ ದಶಕದ ಕನ್ನಡ ಚಳವಳಿಗೂ, ೧೯೮೨ರ ಗೋಕಾಕ್ ಚಳವಳಿಯ ತರುವಾಯ ಸರೋಜಿನಿ ಮಹಿಷಿ ಸಮಿತಿ ನೇಮಕವಾದುದಕ್ಕೂ, ೧೯೮೬ರಲ್ಲಿ ಅದು ಒಪ್ಪಿಸಿದ ವರದಿಗೂ ಈ ಅಸಮಾಧಾನದ ಹಿನ್ನೆಲೆಯಿದೆ. ಆದರೆ ಗಮನಿಸಬೇಕಾದ ಸಂಗತಿ ಒಂದುಂಟು. ಕಾರ್ಖಾನೆಗೆ ಒಂದು ಬಾಗಿಲಿದ್ದಿತು. ಸಾವಿರಾರು ಜನ ಒಂದೇ ಹೊತ್ತಿಗೆ ಒಳಹೋಗಿ ಒಂದೇ ಹೊತ್ತಿಗೆ ಹೊರಬರುತ್ತಿದ್ದ ಆ ಬಾಗಿಲಿನಲ್ಲಿ ನಿಂತು ಮಾತನಾಡಬಹುದಾಗಿದ್ದಿತು, ಜಗಳವನ್ನೂ ಆಡಬಹುದಾಗಿದ್ದಿತು. ಕಾರ್ಮಿಕ ಸಂಘದ ಭಾಷಣ ನಡೆದುದು ಅಲ್ಲಿ; ರಾಜ್ಯೋತ್ಸವದ ಚಪ್ಪರ ಎದ್ದುದು ಅಲ್ಲಿ. ಕಾರ್ಖಾನೆಗಳ ಕನ್ನಡ ಸಂಘಗಳು ನಾಟಕವಾಡಿದುವು, ಸಾಹಿತಿಗಳನ್ನು ಕರೆಸಿ ಭಾಷಣ ಮಾಡಿಸಿದುವು. ಲೇತಿನ ಮುಂದೆ ನಿಂತ ತಮಿಳಿನವನೂ ಮಲೆಯಾಳದವನೂ ನೆರೆಯವನೊಡನೆ ಆಡಿ ಆಡಿಯೇ ಕನ್ನಡವನ್ನು ಕಲಿತರು. ಅವರ ಮಕ್ಕಳು ಬಡಾವಣೆಯ ಮಕ್ಕಳೊಡನೆ ಅದೇ ಶಾಲೆಯಲ್ಲಿ ಓದಿದರು. ಉದ್ಯೋಗ ಬದುಕಿನ ಉದ್ದಕ್ಕೂ ಸ್ಥಿರವಾಗಿದ್ದುದರಿಂದ ಊರಿನಲ್ಲಿ ಬೇರೂರುವುದಕ್ಕೆ ಅವಕಾಶವಿದ್ದಿತು.

ಹೊಸ ಉದ್ಯಮ ಬಂದ ಬಗೆಯೇ ಬೇರೆ. ೧೯೭೬ರಲ್ಲಿ ರಾಜ್ಯ ಸರಕಾರ ಕಿಯೋನಿಕ್ಸ್ ಸಂಸ್ಥೆಯನ್ನು ಸ್ಥಾಪಿಸಿತು. ಅದರ ಮೊದಲ ಅಧ್ಯಕ್ಷರಾದ ಆರ್. ಕೆ. ಬಾಳಿಗರ ಕನಸಿನಂತೆ ೧೯೭೮ರ ಹೊತ್ತಿಗೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ ೩೩೨ ಎಕರೆ ನೆಲದಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ನಾಂದಿಯಾಯಿತು. ೧೯೮೩ರಲ್ಲಿ ಇನ್ಫೋಸಿಸ್ ಪುಣೆಯಿಂದ ಬೆಂಗಳೂರಿಗೆ ವಾಸ್ತವ್ಯವನ್ನು ಬದಲಾಯಿಸಿತು. ೧೯೮೫ರಲ್ಲಿ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿ ತನ್ನ ಕೇಂದ್ರವನ್ನು ತೆರೆದು, ಇಲ್ಲಿ ಮಾಡಿದ ಕೆಲಸವನ್ನು ಉಪಗ್ರಹದ ಮೂಲಕ ತನ್ನ ದೇಶಕ್ಕೆ ಕಳುಹಿಸತೊಡಗಿತು. ೧೯೯೧ರಲ್ಲಿ ಆರ್ಥಿಕ ನೀತಿ ಬದಲಾಯಿತು. ತಂತ್ರಾಂಶ ರಫ್ತಿಗಾಗಿ ಕೇಂದ್ರ ಸರಕಾರವೇ ವಿಶೇಷ ಸಂಸ್ಥೆಯನ್ನು ಏರ್ಪಡಿಸಿತು. ಹಾಗೆ ನೋಡಿದರೆ ಹಳೆಯ ಕಾರ್ಖಾನೆಗಳೂ ೧೯೦೯ರಲ್ಲಿ ಸ್ಥಾಪಿತವಾದ ಭಾರತೀಯ ವಿಜ್ಞಾನ ಸಂಸ್ಥೆಯೂ ಹದಗೊಳಿಸಿದ ನೆಲದಲ್ಲಿಯೇ ಈ ಹೊಸ ಬೆಳೆ ಬಂದುದು. ಊರು ಇದಕ್ಕೆ ನೆಲವನ್ನೂ ನೀರನ್ನೂ ವಿದ್ಯಾವಂತರನ್ನೂ ಕೊಟ್ಟಿತು. ನುಡಿಯನ್ನು ಕೊಡುವ ಪ್ರಸಂಗ ಮಾತ್ರ ಬರಲಿಲ್ಲ.

ಈಗ ನಮ್ಮ ಮೂರು ಪ್ರಶ್ನೆಗಳಿಗೆ ಬರೋಣ. ಏನು ಮಾಡುತ್ತಾರೆ? ಕಣ್ಣಿಗೆ ಕಾಣದ ಸರಕನ್ನು, ಗಣಕಕ್ಕೆ ಕೊಡುವ ಆದೇಶಗಳ ಸಾಲುಗಳನ್ನು, ತಯಾರಿಸುತ್ತಾರೆ. ಯಾರಿಗಾಗಿ? ಸಪ್ತಸಾಗರಗಳಾಚೆಯ ಬ್ಯಾಂಕಿಗೆ, ವಿಮಾನ ಕಂಪನಿಗೆ, ಆಸ್ಪತ್ರೆಗೆ. ಯಾವ ಮಾತಿನಲ್ಲಿ? ಆ ಗಿರಾಕಿಯ ಮಾತಿನಲ್ಲಿ. ಪೇಟೆಯ ವರ್ತಕನಿಗೆ ಕನ್ನಡ ಕಲಿಸಿದ ನಿಯಮವೇ ಇಲ್ಲಿ ಹೊಸ ಉದ್ಯೋಗಿಗೆ ಇಂಗ್ಲಿಷನ್ನು ಕಲಿಸುತ್ತಿದೆಯೇ ಹೊರತು ಬೇರೇನೂ ಅಲ್ಲ. ಇನ್ನೊಂದು ಉದಾಹರಣೆ ಸಾಕು. ೨೦೦೦ದ ಸುಮಾರಿನಲ್ಲಿ ದೂರವಾಣಿ ಸೇವಾಕೇಂದ್ರಗಳು ಊರಿನಲ್ಲಿ ಹಬ್ಬಿದಾಗ, ರಾತ್ರಿಯ ಪಾಳಿಯಲ್ಲಿ ಕುಳಿತ ನಮ್ಮ ಮಕ್ಕಳು ಅಮೆರಿಕದವರಂತೆ ಉಚ್ಚರಿಸುವುದನ್ನು ಅಭ್ಯಾಸ ಮಾಡಿದರು. ಅನೇಕರು ತಂದೆತಾಯಿಗಳಿಟ್ಟ ಹೆಸರನ್ನು ಬದಿಗಿರಿಸಿ ಗಿರಾಕಿಗೆ ಒಗ್ಗುವ ಪರದೇಶದ ಹೆಸರೊಂದನ್ನು ಇಟ್ಟುಕೊಂಡರು. ಅವರು ಯಾರೂ ನಾಡದ್ರೋಹಿಗಳಾಗಿರಲಿಲ್ಲ. ಬೆಳಗ್ಗೆ ಮನೆಗೆ ಬಂದು ತಾಯಿಯೊಡನೆ ಕನ್ನಡದಲ್ಲಿಯೇ ಮಾತನಾಡಿ ಮಲಗುತ್ತಿದ್ದರು. ಆದರೆ ಅವರ ದಿನದ ಎಚ್ಚರದ ಭಾಗವೆಲ್ಲ ಒಂದು ನುಡಿಗೆ ಸಂದಿತು. ಕನ್ನಡಕ್ಕೆ ದಕ್ಕಿದುದು ದಣಿವಿನ ಭಾಗ.

ಸಂಪತ್ತಿನ ಹಂಚಿಕೆಯಲ್ಲಿಯೂ ಇದರ ಪರಿಣಾಮ ಕಾಣುತ್ತದೆ. ದೇಶದ ತಂತ್ರಾಂಶ ರಫ್ತಿನಲ್ಲಿ ಕರ್ನಾಟಕಕ್ಕೆ ಮೊದಲ ಸ್ಥಾನ. ರಾಜ್ಯದ ಒಟ್ಟು ಉತ್ಪನ್ನದಲ್ಲಿ ಮೂರನೆಯ ಒಂದು ಭಾಗಕ್ಕಿಂತಲೂ ಹೆಚ್ಚು ಬೆಂಗಳೂರು ನಗರ ಜಿಲ್ಲೆಯೊಂದರಿಂದಲೇ ಬರುತ್ತದೆ. ೨೦೦೧ರಲ್ಲಿ ಸುಮಾರು ೬೫ ಲಕ್ಷವಿದ್ದ ಈ ಜಿಲ್ಲೆಯ ಜನಸಂಖ್ಯೆ ೨೦೧೧ರ ಜನಗಣತಿಯ ವೇಳೆಗೆ ೯೬ ಲಕ್ಷಕ್ಕೆ ಏರಿತು. ಅದೇ ಗಣತಿಯಂತೆ ಕನ್ನಡವನ್ನು ಮಾತೃಭಾಷೆಯೆಂದು ಬರೆಸಿದವರು ಅರ್ಧಕ್ಕಿಂತ ಕಡಿಮೆ. ರಾಯಚೂರು, ಕೊಪ್ಪಳ, ಕಲಬುರಗಿಗಳ ತರುಣ ಬೆಂಗಳೂರಿಗೆ ಬರುತ್ತಾನೆ. ಕನ್ನಡ ಮಾಧ್ಯಮದಲ್ಲಿ ಓದಿದ ಅವನಿಗೆ ಗಾಜಿನ ಕಟ್ಟಡದ ಒಳಗೆ ಪ್ರವೇಶ ದುರ್ಲಭ. ಆ ಕಟ್ಟಡಕ್ಕೆ ಬರುವವರ ಕಾರನ್ನು ಓಡಿಸುವ, ಅವರಿಗೆ ಊಟದ ಪೊಟ್ಟಣವನ್ನು ತಲಪಿಸುವ ಕೆಲಸ ಸುಲಭವಾಗಿ ಸಿಗುತ್ತದೆ. ಹೀಗಾಗಿ ಒಂದೇ ಕಟ್ಟಡದಲ್ಲಿ ಮೇಲಿನ ಅಂತಸ್ತುಗಳಿಗೆ ಒಂದು ನುಡಿ, ನೆಲಮಾಳಿಗೆಗೆ ಇನ್ನೊಂದು ನುಡಿ ಎಂಬ ವ್ಯವಸ್ಥೆ ಏರ್ಪಟ್ಟಿದೆ. ಹೊರನಾಡುಗಳಿಂದ ಬರುವ ಬಡ ಕಾರ್ಮಿಕರ ದೆಸೆಯಿಂದ ಆ ನೆಲಮಾಳಿಗೆಯಲ್ಲಿಯೂ ಈಗ ಹಿಂದಿ ಕೇಳಿಬರುತ್ತದೆ. ದಂಡಿಗೂ ಪೇಟೆಗೂ ನಡುವೆ ಒಂದು ಉದ್ಯಾನವಾದರೂ ಇದ್ದಿತು. ಇಂದಿನ ಎರಡು ಊರುಗಳ ನಡುವೆ ಇರುವುದು ಒಂದು ಲಿಫ್ಟು ಮಾತ್ರ. ಹೀಗೆ ಮನೆಮನೆಗೆ ಸಾಮಾನು ಹೊರುವ ದುಡಿಮೆಗಾರರ ಹಿತರಕ್ಷಣೆಗೆ ರಾಜ್ಯ ೨೦೨೫ರಲ್ಲಿ ಒಂದು ಕಾನೂನನ್ನು ಮಾಡಿದುದು ಸ್ವಾಗತಾರ್ಹ. ಅವರಿಗೆ ಕಾರ್ಖಾನೆಯ ಬಾಗಿಲಿಲ್ಲ, ಪಾಳಿಯ ಗಂಟೆಯಿಲ್ಲ. ಅವರ ಯಜಮಾನ ಅವರ ಕೈಯಲ್ಲಿರುವ ಮೊಬೈಲಿನೊಳಗೆ ಅಡಗಿದ್ದಾನೆ.

ಊರಿನ ಈ ಹೊಸ ಅರ್ಥಶಾಸ್ತ್ರವನ್ನು ಎಲ್ಲರಿಗಿಂತ ಮೊದಲು ಓದಿಕೊಂಡವರು ತಂದೆತಾಯಿಗಳು. ಪ್ರಾಥಮಿಕ ಶಿಕ್ಷಣದಲ್ಲಿ ಕನ್ನಡವೇ ಮಾಧ್ಯಮವಾಗಿರಬೇಕೆಂಬ ರಾಜ್ಯದ ೧೯೯೪ರ ಆಜ್ಞೆಯನ್ನು ೨೦೧೪ರಲ್ಲಿ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಲಿಲ್ಲ. ೨೦೧೯ರಲ್ಲಿ ಸರಕಾರವೇ ತನ್ನ ೧೦೦೦ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳನ್ನು ತೆರೆಯಿತು. ಸಾಹಿತಿಗಳು ಅದನ್ನು ಖಂಡಿಸಿದರು. ಪೋಷಕರು ಮಕ್ಕಳನ್ನು ಕರೆದುಕೊಂಡು ಹೋಗಿ ಸಾಲಿನಲ್ಲಿ ನಿಂತರು. ಕನ್ನಡವನ್ನು ಕಲಿಸಿ ಸಂಬಳ ಪಡೆಯುವ ನನ್ನಂಥವನು ಕೂಲಿ ಮಾಡುವ ತಾಯಿಯೊಬ್ಬಳಿಗೆ ಮಾತೃಭಾಷೆಯ ಮಹಿಮೆಯನ್ನು ಉಪದೇಶಿಸಲು ಹೊರಟರೆ ಅವಳು ಕೇಳಬಹುದಾದ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಅನ್ನ ಒಂದು ನುಡಿಯಲ್ಲಿ, ಅಭಿಮಾನ ಇನ್ನೊಂದು ನುಡಿಯಲ್ಲಿ ಎಂದಾದಾಗ ಬಡವನು ಮೊದಲನೆಯದನ್ನೇ ಆರಿಸಿಕೊಳ್ಳುತ್ತಾನೆ. ಅದು ಅವನ ತಪ್ಪಲ್ಲ.

ಇದಕ್ಕೆ ನಾಡು ತೋರಿರುವ ಪ್ರತಿಕ್ರಿಯೆಯನ್ನು ನೋಡೋಣ. ೨೦೨೩ರ ಡಿಸೆಂಬರಿನಲ್ಲಿ ಬೆಂಗಳೂರಿನ ಬೀದಿಗಳಲ್ಲಿ ನಾಮಫಲಕಗಳಿಗಾಗಿ ದೊಡ್ಡ ಪ್ರತಿಭಟನೆ ನಡೆಯಿತು. ಮರುವರ್ಷ ಫಲಕದ ಶೇಕಡ ೬೦ ಭಾಗ ಕನ್ನಡದಲ್ಲಿರಬೇಕೆಂಬ ನಿಯಮ ಕಾನೂನಾಯಿತು. ನ್ಯಾಯವಾದ ನಿಯಮವೇ. ಆದರೆ ಫಲಕವಿರುವುದು ಗೋಡೆಯ ಹೊರಗೆ, ದುಡಿಮೆ ನಡೆಯುವುದು ಗೋಡೆಯ ಒಳಗೆ. ೨೦೨೪ರ ಜುಲೈ ತಿಂಗಳಲ್ಲಿ ಮಂತ್ರಿಮಂಡಲ ಒಳಗನ್ನೂ ಮುಟ್ಟಲು ಯತ್ನಿಸಿತು. ಖಾಸಗಿ ಉದ್ಯಮಗಳ ಆಡಳಿತ ವರ್ಗದ ಹುದ್ದೆಗಳಲ್ಲಿ ಶೇಕಡ ೫೦, ಉಳಿದವುಗಳಲ್ಲಿ ಶೇಕಡ ೭೦ ಸ್ಥಳೀಯರಿಗೆ ಮೀಸಲಾಗಬೇಕೆಂಬ ಮಸೂದೆಗೆ ಅದು ಒಪ್ಪಿಗೆ ನೀಡಿತು. ಉದ್ಯಮಿಗಳು ಪ್ರತಿಭಟಿಸಿದರು, ನೆರೆಯ ರಾಜ್ಯದ ಸಚಿವರು ತಮ್ಮಲ್ಲಿಗೆ ಬನ್ನಿರೆಂದು ಅವರಿಗೆ ಕರೆಯಿತ್ತರು. ಕೆಲವೇ ದಿನಗಳಲ್ಲಿ ಮಸೂದೆಯನ್ನು ತಡೆಹಿಡಿಯಲಾಯಿತು. ಇದನ್ನು ಸರಕಾರದ ಹೇಡಿತನವೆಂದು ಜರೆದರೆ ಕಾರಣ ತಿಳಿದಂತಾಗುವುದಿಲ್ಲ. ದೂರವಾಣಿನಗರದ ಕಾರ್ಖಾನೆ ತನ್ನ ಯಂತ್ರಗಳನ್ನು ಹೊತ್ತುಕೊಂಡು ರಾತ್ರೋರಾತ್ರಿ ಊರು ಬಿಡುವಂತಿರಲಿಲ್ಲ. ಈ ಉದ್ಯಮಕ್ಕೆ ಆ ಕಟ್ಟಿಲ್ಲ. ಊರಿನೊಡನೆ ವ್ಯಾಪಾರವಿಲ್ಲದವನನ್ನು ಊರಿನ ಕಟ್ಟಳೆಯಿಂದ ಕಟ್ಟುವುದು ದುಸ್ಸಾಧ್ಯ.

ನ್ಯಾಯವನ್ನು ತೂಗುವಾಗ ತಕ್ಕಡಿಯ ಮತ್ತೊಂದು ತಟ್ಟೆಯನ್ನೂ ನೋಡಬೇಕು. ಸಣ್ಣ ಊರುಗಳ ಅಸಂಖ್ಯಾತ ಹೆಣ್ಣುಮಕ್ಕಳಿಗೆ ಸ್ವಂತ ಸಂಪಾದನೆಯ ಸ್ವಾತಂತ್ರ್ಯವನ್ನು ಕೊಟ್ಟುದು ಈ ಉದ್ಯಮ. ಕನ್ನಡ ಗಣಕದೊಳಗೆ ಬಂದುದು ಕೂಡ ತಂತ್ರಜ್ಞರ ಕೈಯಿಂದಲೇ. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸ, ೧೯೯೮ರಲ್ಲಿ ಶೇಷಾದ್ರಿವಾಸು ಅವರು ಹೊರತಂದ ‘ಬರಹ’, ಗಣಕ ಪರಿಷತ್ತಿನ ‘ನುಡಿ’, ಇವುಗಳಿಲ್ಲದೆ ಇಂದಿನ ಕನ್ನಡ ಬರವಣಿಗೆಯನ್ನು ಕಲ್ಪಿಸಿಕೊಳ್ಳಲಾಗದು. ತಂತ್ರಾಂಶದ ಉದ್ಯೋಗದಲ್ಲಿ ಬಹುಕಾಲ ಇದ್ದ ವಸುಧೇಂದ್ರರು ಕತೆಗಾರರಾದುದಲ್ಲದೆ, ತಮ್ಮ ಛಂದ ಪುಸ್ತಕದ ಮೂಲಕ ಅನೇಕ ಹೊಸ ಲೇಖಕರನ್ನು ನಾಡಿಗೆ ಪರಿಚಯಿಸಿದರು. ಯಂತ್ರನಾಗರಿಕತೆಯ ಒಳಗಿನಿಂದ ಕನ್ನಡ ಸಾಹಿತ್ಯ ಹುಟ್ಟಲಾರದೆಂಬ ಮಾತು ಹಿಂದೆಯೂ ನಿಜವಾಗಿರಲಿಲ್ಲ. ಮುಂಬಯಿಯ ಕೈಗಾರಿಕಾ ಸಂಸ್ಥೆಯಲ್ಲಿ ತಂತ್ರಜ್ಞರಾಗಿದ್ದ ಯಶವಂತ ಚಿತ್ತಾಲರು ೧೯೭೯ರಲ್ಲಿ ‘ಶಿಕಾರಿ’ಯನ್ನು ಕೊಟ್ಟುದು ಅದೇ ಅನುಭವದಿಂದ.

ಆದರೆ ಇಲ್ಲಿಯೂ ಒಂದು ಸೂಕ್ಷ್ಮವಿದೆ. ಈ ಮಹನೀಯರ ಕನ್ನಡದ ಕೆಲಸವೆಲ್ಲ ಬಹುತೇಕ ಕಚೇರಿಯ ಹೊರಗೆ ನಡೆಯಿತು: ರಾತ್ರಿಯ ಬಿಡುವಿನಲ್ಲಿ, ವಾರದ ಕೊನೆಯಲ್ಲಿ, ಕೆಲಸ ಬಿಟ್ಟ ಮೇಲೆ. ಕನ್ನಡವೆಂಬುದು ಬೆಂಗಳೂರಿನ ವಿದ್ಯಾವಂತ ವರ್ಗಕ್ಕೆ ಬಿಡುವಿನ ನುಡಿಯಾಗಿ, ಭಾನುವಾರದ ನುಡಿಯಾಗಿ ಪರಿಣಮಿಸುತ್ತಿದೆ. ಈ ಲೇಖನವೂ ಭಾನುವಾರದ ಪುಟದಲ್ಲಿಯೇ ಬರುತ್ತಿದೆಯೆಂಬುದನ್ನು ವಾಚಕರು ಗಮನಿಸದಿರಲಾರರು. ಬಿಡುವಿನ ನುಡಿಯಲ್ಲಿ ಕಾವ್ಯ ಹುಟ್ಟಬಹುದು, ಭಕ್ತಿಯೂ ಉಳಿಯಬಹುದು. ಲೆಕ್ಕ ಬರೆಯುವ, ಜಗಳ ಬಗೆಹರಿಸುವ, ಹೊಸ ಉಪಕರಣಕ್ಕೆ ಹೆಸರಿಡುವ ಶಕ್ತಿ ಮಾತ್ರ ಮೆಲ್ಲಮೆಲ್ಲನೆ ಕುಗ್ಗುತ್ತದೆ. ನನ್ನ ತರಗತಿಯ ವಿದ್ಯಾರ್ಥಿಗಳು ಹಳಗನ್ನಡದ ಪದ್ಯವೊಂದರ ಸೊಗಸನ್ನು ಇಂದಿಗೂ ಸವಿಯಬಲ್ಲರು. ತಾವು ಓದುತ್ತಿರುವ ಗಣಕವಿಜ್ಞಾನದ ಒಂದು ಪುಟವನ್ನು ಕನ್ನಡದಲ್ಲಿ ವಿವರಿಸಿರೆಂದರೆ ಎರಡನೆಯ ವಾಕ್ಯಕ್ಕೆ ತಡವರಿಸುತ್ತಾರೆ. ಅವರ ಬುದ್ಧಿಗೆ ಕೊರತೆಯಿಲ್ಲ. ಆ ಕೆಲಸಕ್ಕೆ ಆ ನುಡಿಯನ್ನು ಅವರು ಎಂದೂ ಬಳಸಿಯೇ ಇಲ್ಲ.

ಪ್ರಕೃತ ಸನ್ನಿವೇಶ ಮತ್ತೊಮ್ಮೆ ಹೊರಳುತ್ತಿದೆ. ೨೦೨೨ರ ಕೊನೆಯಿಂದೀಚೆಗೆ ಮನುಷ್ಯರ ಮಾತನ್ನು ಕಲಿತು ಮರುನುಡಿಯುವ ಯಂತ್ರಗಳು ಎಲ್ಲರ ಕೈಗೆ ಬಂದಿವೆ. ಇಷ್ಟು ದಿನ ನಮ್ಮ ತರುಣರು ಬರೆಯುತ್ತಿದ್ದ ಆದೇಶದ ಸಾಲುಗಳನ್ನು ಆ ಯಂತ್ರಗಳೇ ಬರೆಯತೊಡಗಿರುವುದರಿಂದ, ಇಂಗ್ಲಿಷನ್ನು ನೆಚ್ಚಿ ಕಟ್ಟಿದ ಅನ್ನದ ಮಾರ್ಗವೂ ಮೊದಲಿನಷ್ಟು ನಿಶ್ಚಿತವಾಗಿ ಉಳಿದಿಲ್ಲ. ಇದೇ ಕಾಲಕ್ಕೆ ಅವಕ್ಕೆ ಭಾರತದ ನುಡಿಗಳನ್ನು ಕಲಿಸುವ ಯತ್ನ ನಡೆದಿದೆ. ಕೇಂದ್ರ ಸರಕಾರದ ‘ಭಾಷಿಣಿ’ ಯೋಜನೆ ೨೦೨೨ರಲ್ಲಿ ಆರಂಭವಾಯಿತು. ಜಿಲ್ಲೆ ಜಿಲ್ಲೆಗಳ ಆಡುಮಾತನ್ನು ಸಂಗ್ರಹಿಸುವ ‘ವಾಣಿ’ ಎಂಬ ಯೋಜನೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೇ ಕೈಗೊಂಡಿದೆ. ಯಂತ್ರದ ಈ ಹೊಸ ತಲೆಮಾರಿಗೆ ನುಡಿಯೇ ಕಚ್ಚಾ ಸಾಮಗ್ರಿ. ಬೇಡವಾಗಿದ್ದ ಕನ್ನಡ ಈ ಉದ್ಯಮಕ್ಕೆ ಮೊದಲ ಬಾರಿಗೆ ಬೇಕಾಗಿದೆ.

ಈ ಬೇಡಿಕೆಯನ್ನು ಕಂಡು ಹಿಗ್ಗುವ ಮೊದಲು ಕೆಲವು ಪ್ರಶ್ನೆಗಳನ್ನು ಕೇಳಬೇಕು. ಯಾರ ಕನ್ನಡವನ್ನು ಯಂತ್ರ ಕಲಿಯುತ್ತದೆ? ಧಾರವಾಡದ ಮಾತನ್ನೋ, ಚಾಮರಾಜನಗರದ ಮಾತನ್ನೋ, ಕರಾವಳಿಯ ಮಾತನ್ನೋ, ಅಥವಾ ಇಂಗ್ಲಿಷಿನಿಂದ ಅವಸರವಾಗಿ ಅನುವಾದಿಸಿದ ಜಾಹೀರಾತಿನ ನಿರ್ಜೀವ ಕನ್ನಡವನ್ನೋ? ತಪ್ಪನ್ನು ತಿದ್ದುವವರು ಯಾರು? ತಿದ್ದಿದ ಶ್ರಮಕ್ಕೆ ಕೂಲಿ ಏನು? ನಾಡಿನ ಜನ ಕೊಟ್ಟ ಮಾತಿನಿಂದ ಕಟ್ಟಿದ ಯಂತ್ರದ ಒಡೆತನ ಯಾರದು? ನಮ್ಮ ಕನ್ನಡ ವಿಭಾಗಗಳು ಇದು ತಮ್ಮ ವಿಷಯವಲ್ಲವೆಂದು ಸುಮ್ಮನೆ ಕುಳಿತರೆ ಈ ಪ್ರಶ್ನೆಗಳಿಗೆ ಬೇರೆಯವರು ಉತ್ತರ ಕೊಡುತ್ತಾರೆ. ಮುಂದಿನ ತಲೆಮಾರಿನ ಮಗು ಯಂತ್ರದ ಬಾಯಿಂದಲೇ ಕನ್ನಡ ಕಲಿಯುವ ದಿನ ಬಂದರೆ ನಾವು ಕಲಿಸದೆ ಬಿಟ್ಟ ದೋಷಗಳೇ ಅದಕ್ಕೆ ವ್ಯಾಕರಣವಾಗುತ್ತವೆ.

ಆದುದರಿಂದ ಸದ್ಯಕ್ಕೆ ಮಾಡಬಹುದಾದ ಮೂರು ಕೆಲಸಗಳನ್ನು ಸೂಚಿಸಬಯಸುತ್ತೇನೆ. ಒಂದು: ಕರ್ನಾಟಕದೊಳಗೆ ಮಾರಾಟವಾಗುವ ಪ್ರತಿಯೊಂದು ಗಣಕಸೇವೆಯೂ ಕನ್ನಡದಲ್ಲಿ ದೊರೆಯುವಂತೆ ಕಾನೂನೂ ಗಿರಾಕಿಗಳೂ ಒತ್ತಾಯಿಸಬೇಕು. ಬ್ಯಾಂಕು, ಬಾಡಿಗೆಯ ಕಾರು, ಔಷಧಿಯ ಅಂಗಡಿ ಯಾವುದೇ ಆಗಲಿ, ಅದನ್ನು ಕನ್ನಡದಲ್ಲಿ ಬಳಸುವವರು ಹೆಚ್ಚಿದಷ್ಟೂ ಅದನ್ನು ಕನ್ನಡದಲ್ಲಿ ರಚಿಸಬಲ್ಲವರಿಗೆ ಉದ್ಯೋಗ ಹೆಚ್ಚುತ್ತದೆ. ಕಟ್ಟಡದ ಒಳಗೆ ಕನ್ನಡಕ್ಕೊಂದು ಮೇಜು ಏರ್ಪಡುತ್ತದೆ. ಎರಡು: ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಅಂಕಗಳಿಗಾಗಿ ಓದಿ ಮರೆಯುವ ಕನ್ನಡದ ಗಂಟೆಯನ್ನು, ತಾಂತ್ರಿಕ ವಿಷಯವನ್ನು ಕನ್ನಡದಲ್ಲಿ ಬರೆಯುವ, ವಿವರಿಸುವ ಅಭ್ಯಾಸಕ್ಕೆ ಮೀಸಲಿಡಬೇಕು. ಕನ್ನಡದ ಅಧ್ಯಾಪಕನೂ ಗಣಕವಿಜ್ಞಾನದ ಅಧ್ಯಾಪಕನೂ ಒಂದೇ ಕೊಠಡಿಯಲ್ಲಿ ಕುಳಿತು ಪಾಠವನ್ನು ಸಿದ್ಧಪಡಿಸಬೇಕು. ಮೂರು: ಹೊರಗಿನಿಂದ ಬಂದವರಿಗೆ ಕನ್ನಡ ಕಲಿಸುವ ಕಾರ್ಯ ಕಚೇರಿಯ ವೇಳೆಯಲ್ಲಿ, ಕಚೇರಿಯ ಖರ್ಚಿನಲ್ಲಿ ನಡೆಯಬೇಕು. ಭಾನುವಾರದ ದಾನವಾಗಿ ಕಲಿಸಿದ ನುಡಿ ಭಾನುವಾರಕ್ಕೇ ನಿಲ್ಲುತ್ತದೆ.

ಉದ್ಯಮಗಳು ಚಿರಂಜೀವಿಗಳಲ್ಲ. ಒಂದು ಕಾಲದಲ್ಲಿ ದೇಶದ ಮನೆಮನೆಗೂ ಹೊತ್ತು ತಿಳಿಸುತ್ತಿದ್ದ ಎಚ್.ಎಂ.ಟಿ.ಯ ಕೈಗಡಿಯಾರ ವಿಭಾಗವನ್ನು ೨೦೧೬ರಲ್ಲಿ ಮುಚ್ಚಬೇಕಾಯಿತು. ಇಂದಿನ ಗಾಜಿನ ಕಟ್ಟಡಗಳಿಗೂ ಅಂಥದೊಂದು ದಿನ ಬರಬಹುದು. ೧೯೭೮ರಲ್ಲಿ ಮೊದಲಾದ ಎಲೆಕ್ಟ್ರಾನಿಕ್ ಸಿಟಿಗೆ ಮೆಟ್ರೊ ರೈಲು ತಲಪಿದುದು ೨೦೨೫ರ ಆಗಸ್ಟಿನಲ್ಲಿ. ಅದೇ ವರ್ಷ ನಗರದ ಆಡಳಿತವನ್ನು ಐದು ಪಾಲಿಕೆಗಳಾಗಿ ವಿಂಗಡಿಸಲಾಯಿತು. ರಸ್ತೆ, ರೈಲು, ಪಾಲಿಕೆಗಳ ವ್ಯವಸ್ಥೆ ತಡವಾಗಿಯಾದರೂ ನಡೆಯುತ್ತದೆ. ಅದನ್ನು ಕೇಳುವವರಿದ್ದಾರೆ, ಮಾಡುವವರಿದ್ದಾರೆ. ನುಡಿಯನ್ನು ದುಡಿಮೆಯೊಳಗೆ ಕರೆತರುವ ಕೆಲಸಕ್ಕೆ ಪ್ರತ್ಯೇಕವಾದ ಇಲಾಖೆಯಿಲ್ಲ. ಸಂಪದಭ್ಯುದಯ ಸಮಾಜದಲ್ಲಿ ಕುಳಿತು ಸಾಹಿತ್ಯ ಪರಿಷತ್ತನ್ನು ಯೋಚಿಸಿದ ಹಿರಿಯರಿಗೂ ಅಂಥ ಇಲಾಖೆ ಇರಲಿಲ್ಲ. ಅದು ತಮ್ಮ ಕೆಲಸವೆಂದು ಅವರು ತಿಳಿದರು. ಕನ್ನಡವನ್ನು ಓದುವವರೂ ಓದಿಸುವವರೂ ಇಂದು ಹಾಗೆ ತಿಳಿಯುವರೇ ಎಂಬುದೇ ಈಗ ಬೆಂಗಳೂರಿನ ಮುಂದಿರುವ ಪ್ರಶ್ನೆ.